ನೆಟಿಗೆ ನಿಲ್ಲಿಸಿದ ಹೂಗೈ ಅಣ್ಣ

ಬೀದಿದೀಪ ಇನ್ನೂ ಆರಿಲ್ಲ. ಅರ್ಧ ಎತ್ತಿದ ಶಟರಿನ ಕೆಳಗೆ ಬಗ್ಗಿ ಒಳಗೆ ಹೋದರೆ, ಕ್ಷೌರದಂಗಡಿಯ ಯಜಮಾನರು ಗೋಡೆಗೆ ಬೆನ್ನು ಅಂಟಿಸಿ ನಿಂತಿದ್ದಾರೆ. ಗದ್ದವನ್ನು ಗಂಟಲಿನತ್ತ ಎಳೆದುಕೊಳ್ಳುತ್ತಾರೆ, ಬಿಡುತ್ತಾರೆ. ಎರಡೂ ಕೈಗಳನ್ನು ಗೋಡೆಗುಂಟ ನಿಧಾನವಾಗಿ ಮೇಲಕ್ಕೆ ಜಾರಿಸುತ್ತಾರೆ. ಬಲಗೈ ಕಿವಿಯ ಮಟ್ಟಕ್ಕೆ ಬರುವ ಹೊತ್ತಿಗೆ ಎದುರಿನ ಕನ್ನಡಿಯಲ್ಲಿ ಅವರ ಮುಖ ಕಿವುಚಿಕೊಳ್ಳುತ್ತದೆ.

"ನೋವಾಗ್ತಿದೆಯಾ?" ಎಂದು ಕೇಳುತ್ತೇನೆ.

"ಆಗ್ತಿದೆ."

"ಮತ್ಯಾಕೆ ಮಾಡ್ತೀರಿ?"

"ಮಾಡದಿದ್ರೂ ಆಗುತ್ತೆ ಸಾರ್. ಮಾಡಿದ್ರೆ ಕೆಲಸನಾದ್ರೂ ಆಗುತ್ತೆ."

ಬೀದಿಯವರು ಇವರನ್ನು ಹೂಗೈ ಅಣ್ಣ ಎನ್ನುತ್ತಾರೆ. ಕೈ ಅಷ್ಟು ಹಗುರ. ಗಡ್ಡ ಹೆರೆಸಿಕೊಳ್ಳಲು ಕೂತವರು ಗೊರಕೆ ಹೊಡೆಯುತ್ತಾರೆ. ಆ ಹಗುರ ಕೈಯ ಬಗ್ಗೆ ನಾಲ್ಕು ಒಳ್ಳೆಯ ಮಾತು ಬರೆದು ಹೋಗೋಣವೆಂದು ಬಂದವನು ನಾನು. ಇಲ್ಲಿ ಕೇಳಿದ್ದಕ್ಕೆ ಮೂರು ಸಲ ಹೌಹಾರಿದ್ದೇನೆ.

ಅಂಗಡಿಯಲ್ಲಿ ಎರಡು ಕುರ್ಚಿ. ಒಂದು ಅಣ್ಣನದು, ಇನ್ನೊಂದು ಅವರ ತಮ್ಮನದು. ಮಾಮೂಲಿ ದಿನ ಇಬ್ಬರಿಂದ ಮೂವತ್ತು ತಲೆ, ರಜೆಯ ದಿನ ಅದರ ಎರಡರಷ್ಟು. ಕೆಲಸ ಕಲಿಸಿದವರು ಸೋದರಮಾವ. ಅವರದು ಎರಡು ಕಟ್ಟುನಿಟ್ಟು. ಒಂದು, ಕೂತ ಗಿರಾಕಿಯನ್ನು ಅಲುಗಿಸಬಾರದು. "ಬಗ್ಗೋದು, ವಾಲೋದು, ಸುತ್ತೋದು ಎಲ್ಲ ನಮ್ಮ ಪಾಲಿಂದು ಅನ್ನೋರು ಮಾವ. ಗಿರಾಕಿ ರಾಜನ ಹಾಗೆ ಕೂತಿರ್ಬೇಕು." ಎರಡು, ಕಟಿಂಗ್ ಮುಗಿದ ಮೇಲೆ ತಲೆಯನ್ನು ಎರಡು ಕೈಯಲ್ಲಿ ಹಿಡಿದು ಗಕ್ಕನೆ ತಿರುಗಿಸಿ ಕುತ್ತಿಗೆಯ ನೆಟಿಗೆ ತೆಗೆಯಬೇಕು. ಈ ಕಡೆ ಒಂದು ಟಕ್, ಆ ಕಡೆ ಒಂದು ಟಕ್. ಆ ಶಬ್ದ ಬಾರದೆ ಗಿರಾಕಿ ಏಳುವಂತಿಲ್ಲ, ಎದ್ದರೆ ಅಂಗಡಿಗೇ ಅವಮಾನ.

ಹೀಗೆ ವರ್ಷಗಟ್ಟಲೆ ಬಗ್ಗಿದ ಮೇಲೆ ಅಣ್ಣನ ಕುತ್ತಿಗೆಗೂ ಬಲಭುಜಕ್ಕೂ ನಡುವೆ ನೋವು ಬಂದು ಕೂತಿತು. ಮನೆಯಲ್ಲೇ ಮದ್ದಿದೆಯಲ್ಲ ಎಂದುಕೊಂಡರು. ಸಂಜೆ ಶಟರ್ ಎಳೆಯುವ ಮುನ್ನ ತಮ್ಮನಿಂದ ನೆಟಿಗೆ ತೆಗೆಸಿಕೊಂಡರು. ಅರ್ಧ ಗಂಟೆ ಹಾಯೆನಿಸಿತು. ಆಮೇಲೆ ಮಧ್ಯಾಹ್ನವೂ ಬೇಕಾಯಿತು. ಆಮೇಲೆ ಗಿರಾಕಿಗೊಮ್ಮೆ. "ಕುರ್ಚಿಗೆ ಕೂತು ‘ತೆಗಿಯೋ’ ಅನ್ನೋನು. ಶಬ್ದ ಬರದಿದ್ರೆ ನನಗೇ ಬೈಗುಳ, ಅನ್ನ ತಿಂದಿಲ್ವಾ ಅಂತ," ಎಂದು ತಮ್ಮ ನಗುತ್ತಾನೆ. ರಜೆ ಸಿಕ್ಕಿದ ದಿನ ಎರಡು ದಿಂಬು ಪೇರಿಸಿಕೊಂಡು ಕದಲದೆ ಮಲಗುವುದು, ಎದ್ದಾಗ ಕುತ್ತಿಗೆ ಇನ್ನಷ್ಟು ಸೆಟೆದುಕೊಂಡಿರುವುದು, ಮೇಲೊಂದು ನೋವಿನ ಮಾತ್ರೆ ನುಂಗುವುದು.

ಒಂದು ಬೆಳಿಗ್ಗೆ ಬೀಗರು ಗಡ್ಡಕ್ಕೆ ಬಂದು ಕೂತರು. ಬೀಗರೆಂದರೆ ಅಣ್ಣನ ಮಗಳ ಮಾವ, ಮೂರು ಬೀದಿ ಆಚೆ ಮನೆ. ಕಿವಿಯ ಕೆಳಗೆ ರೇಜರ್ ಆಡುತ್ತಿರುವಾಗ ಅಣ್ಣನ ಎರಡು ಬೆರಳು ಜೋಮು ಹಿಡಿದವು.

"ಬೆರಳು ಇದೆಯೋ ಇಲ್ವೋ ಗೊತ್ತಾಗ್ಲಿಲ್ಲ. ನೆಲಕ್ಕೆ ಬಿದ್ದ ಸದ್ದಾದಾಗ್ಲೇ ಗೊತ್ತಾಗಿದ್ದು, ಬಿದ್ದಿದ್ದು ರೇಜರ್ ಅಂತ. ನೋಡಿದ್ರೆ ಟವೆಲ್ ಕೆಂಪಗಾಗಿದೆ."

ಮೊದಲ ಸಲ ನಾನು ಹೌಹಾರಿದ್ದು ಇಲ್ಲಿ. ಒಂದು ಬೆರಳಿನಷ್ಟು ಗಂಟಲಿನತ್ತ ಜಾರಿದ್ದರೆ? ಪುಣ್ಯಕ್ಕೆ ಗಾಯ ಆಳವಾಗಿರಲಿಲ್ಲ, ನಾಲ್ಕು ಹೊಲಿಗೆಗೆ ಮುಗಿಯಿತು. ಬೀಗರು ಬೈಯಲಿಲ್ಲ. ಊರಿಗೆಲ್ಲ ಹಬ್ಬಿಸಲಿಲ್ಲ. ಮನೆಗೆ ಬಂದರು, ಉಂಡರು, ಮೊಮ್ಮಗುವಿನ ತುಂಟತನ ಹೇಳಿಕೊಂಡು ನಕ್ಕರು. ಗಡ್ಡ ಮಾತ್ರ ಬೇರೆ ಅಂಗಡಿಯಲ್ಲಿ.

"ನಾನು ಮಗಳನ್ನೇ ಅವರ ಮನೆಗೆ ಕೊಟ್ಟಿದೀನಿ. ಅವರು ನನ್ನ ಕೈಗೆ ಗದ್ದ ಕೊಡ್ತಿಲ್ಲ," ಎನ್ನುತ್ತಾರೆ ಅಣ್ಣ. ನಗಬೇಕೆಂದೇ ಹೇಳಿದ ಮಾತು, ಆದರೆ ಅವರಿಗೇ ನಗು ಬರುವುದಿಲ್ಲ. ಅವತ್ತಿನಿಂದ ಅವರು ರೇಜರ್ ಮುಟ್ಟಲಿಲ್ಲ. ಗಡ್ಡದ ಗಿರಾಕಿಗಳೆಲ್ಲ ತಮ್ಮನ ಕುರ್ಚಿಗೆ ಹೋದರು. ಹೂಗೈ ಎಂದು ಹೆಸರು ಪಡೆದ ಕೈಗೆ ಕತ್ತರಿ, ಮೆಷಿನ್ನು ಅಷ್ಟೇ ಉಳಿಯಿತು.

ಆಸ್ಪತ್ರೆಯ ಡಾಕ್ಟರು ಪರೀಕ್ಷೆ ಮಾಡಿ, ಆಪರೇಷನ್ ಬೇಡ ಎಂದು ಫಿಸಿಯೋಥೆರಪಿಗೆ ಕಳಿಸಿದರು. ಅಲ್ಲಿನ ಮೇಡಂ ಮುಲಾಮು ಹಚ್ಚುತ್ತಾರೆ ಅಂತ ಅಣ್ಣ ಶರ್ಟು ಬಿಚ್ಚಿ ಕೂತರೆ, ಆಕೆ ತಾವೇ ಕುರ್ಚಿಯಲ್ಲಿ ಕೂತು, ಕೈಗೊಂದು ಬಾಚಣಿಗೆ ಕೊಟ್ಟು, ನನಗೆ ಕಟಿಂಗ್ ಮಾಡೋ ಹಾಗೆ ಮಾಡಿ ಎಂದರಂತೆ. ಅಣ್ಣ ಸೊಂಟ ಬಗ್ಗಿಸಿ, ಕುತ್ತಿಗೆ ವಾಲಿಸಿ, ಮೊಣಕೈ ಮೇಲೆತ್ತಿ ನಿಂತರು.

"ನಿಮ್ಮ ಅಂಗಡಿ ಕುರ್ಚಿ ಮೇಲಕ್ಕೆ ಏಳಲ್ವಾ?" ಮೇಡಂ ಕೇಳಿದರು.

"ಏಳುತ್ತೆ. ಕೆಳಗೆ ಪೆಡಲ್ ಇದೆ."

"ಮತ್ತೆ ಎತ್ತಲ್ವಾ?"

"ಗಿರಾಕಿ ಅಲುಗ್ತಾರಲ್ಲ ಮೇಡಂ."

ನಾನು ಬಗ್ಗಿ ಪೆಡಲ್ ನೋಡುತ್ತೇನೆ. ಕುರ್ಚಿ ಕೊಂಡು ಹದಿನೆಂಟು ವರ್ಷವಾಗಿದೆ. ಮೇಡಂ ಕೇಳುವವರೆಗೆ ಒಮ್ಮೆಯೂ, ಒಂದೇ ಒಂದು ಸಲವೂ ಅದನ್ನು ಒತ್ತಿರಲಿಲ್ಲ. ಬೆಣ್ಣೆ ಕೈಯಲ್ಲಿಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದರು ಎನ್ನುವುದನ್ನು ಗಾದೆಯೆಂದು ತಿಳಿದಿದ್ದೆ. ಇಲ್ಲಿ ಅದು ಕಾಲ ಕೆಳಗೇ ಬಿದ್ದಿತ್ತು.

ನೆಟಿಗೆಯ ಸುದ್ದಿ ಎತ್ತಿದಾಗ ಮೇಡಂ ಮುಖ ಬಿಳಿಚಿಕೊಂಡಿತಂತೆ. ಮೆದುಳಿಗೆ ರಕ್ತ ಹೋಗುವ ನಾಳ ಕುತ್ತಿಗೆಯಲ್ಲೇ ಹಾದುಹೋಗುತ್ತದೆ, ಹಾಗೆ ಗಕ್ಕನೆ ತಿರುಚಿದರೆ ಅಪರೂಪಕ್ಕಾದರೂ ಅದು ಹರಿದು ಪಾರ್ಶ್ವವಾಯು ಬಡಿಯಬಹುದು ಎಂದರು. ಎರಡನೆಯ ಸಲ ಹೌಹಾರಿದ್ದು ಇದನ್ನು ಕೇಳಿ; ನನ್ನ ಕೈ ತಾನಾಗಿ ನನ್ನ ಕುತ್ತಿಗೆಗೆ ಹೋಯಿತು. ಎಷ್ಟು ಅಂಗಡಿಗಳಲ್ಲಿ ಕಣ್ಣು ಮುಚ್ಚಿ ಇದನ್ನು ಒಪ್ಪಿಸಿಲ್ಲ ನಾನು.

"ನನಗೆ ಊಟ ಸೇರಲಿಲ್ಲ. ಎಷ್ಟು ಜನರ ಕುತ್ತಿಗೆ ತಿರುವಿದೀನಿ. ನಮ್ಮಪ್ಪಂದೂ ತಿರುವಿದೀನಿ," ಎನ್ನುತ್ತಾರೆ ಅಣ್ಣ.

ಮರುದಿನದಿಂದ ನೆಟಿಗೆ ಬಂದ್. ಗಿರಾಕಿಗಳು ಮುನಿಸಿಕೊಂಡರು. ಊಟಕ್ಕೆ ಕರೆದು ನೀರು ಕೊಡದ ಹಾಗಾಯ್ತು ಎಂದು ಒಬ್ಬರು ಗೊಣಗಿಕೊಂಡು ಹೋದವರು ಇನ್ನೂ ತಿರುಗಿ ಬಂದಿಲ್ಲ. ತಮ್ಮ ವಾರವಿಡೀ ಮಾತು ಬಿಟ್ಟಿದ್ದ. ಅಣ್ಣ ಮಾತ್ರ ಜಪ್ಪಯ್ಯ ಅನ್ನಲಿಲ್ಲ.

ಇಷ್ಟೆಲ್ಲ ಬಿಟ್ಟ ಮೇಲೆ ನೋವು ಹೋಗಬೇಕಿತ್ತಲ್ಲ. ಮೂರನೆಯ ಸಲ ನಾನು ದಂಗಾದದ್ದು ಇಲ್ಲಿ. ಮೇಡಂ ಮೊದಲ ವಾರವೇ ಹೇಳಿಬಿಟ್ಟಿದ್ದರು: "ಪೂರ್ತಿ ಹೋಗುತ್ತೆ ಅಂತ ಮಾತು ಕೊಡಲ್ಲ. ಆದ್ರೆ ನೋವು ಬಂದಾಗೆಲ್ಲ ಒಳಗೆ ಏನೋ ಮುರೀತು ಅಂತಲೂ ಅಲ್ಲ. ಹೆದರಿ ಮಲಗಿಬಿಡಬೇಡಿ. ಸ್ವಲ್ಪ ಸ್ವಲ್ಪ ಆಡಿಸ್ತಾ ಇರಿ." ವಾಸಿಯಾಗದ ನೋವಿಗೆ ಮೈ ದಂಡಿಸಬೇಕೆ? ಅಣ್ಣನಿಗೆ ಕೆಂಡದಂಥ ಕೋಪ ಬಂದಿತ್ತು. ಆಕೆ ಹೇಳಿಕೊಟ್ಟ ಗೋಡೆಯ ಕಸರತ್ತನ್ನು ಹತ್ತು ದಿನ ಮಾಡಿ ಬಿಟ್ಟೇಬಿಟ್ಟರು. ದಾರಿಗೆ ತಂದವರು ಮನೆಯಾಕೆ. "ಗೋಡೆಗೆ ನಿಂತ್ರೆ ಟೀ, ಇಲ್ಲಾಂದ್ರೆ ಟೀ ಇಲ್ಲ ಅಂದೆ. ಎರಡು ದಿನ ಹಟ ಮಾಡಿದ್ರು, ಮೂರನೇ ದಿನ ತಾವೇ ಹೋಗಿ ಗೋಡೆ ಹಿಡಿದ್ರು," ಎನ್ನುತ್ತಾರೆ ಆಕೆ.

ಈಗ ದಿನಚರಿಯೇ ಬೇರೆ. ಗಿರಾಕಿ ಗಿಡ್ಡನೋ ಉದ್ದನೋ ನೋಡಿ ಕುರ್ಚಿ ಏರುತ್ತದೆ, ಇಳಿಯುತ್ತದೆ. ಗಡ್ಡ ಮಾಡುವಾಗ ತಾವು ಕೂರಲು ಚಕ್ರದ ಸ್ಟೂಲ್ ಇದೆ. ನಾಲ್ಕು ತಲೆಯಾದರೆ ಬೀದಿಯ ಕೊನೆಯವರೆಗೆ ಒಂದು ನಡಿಗೆ. ಮಧ್ಯಾಹ್ನ ಕುರ್ಚಿಯಲ್ಲಿ ಕುತ್ತಿಗೆ ಇಳಿಬಿಟ್ಟು ತೂಕಡಿಸುವುದಿಲ್ಲ. ನೀರು ತುಂಬಿದ ಎರಡು ಬಾಟಲಿಗಳೇ ಭಾರ ಎತ್ತುವ ಸಾಮಾನು. ಒಂದು ದಿಂಬು ಮೂಲೆಗೆ ಹೋಗಿದೆ. ರಾತ್ರಿ ಮೊಬೈಲ್ ನೋಡುತ್ತ ಕೂರುತ್ತಿದ್ದವರು ಬೇಗ ಮಲಗುತ್ತಾರೆ. ತಿಂಗಳುಗಳು ಕಳೆದಂತೆ ಬೆರಳಿನ ಜೋಮು ಇಳಿಯಿತು. ಆಗಲೂ ಮನುಷ್ಯರ ಗದ್ದಕ್ಕೆ ಕೈ ಹಾಕುವ ಧೈರ್ಯ ಬರಲಿಲ್ಲ. ಕಲಿಯುವ ಹುಡುಗರ ಹಾಗೆ ಬಲೂನು ಊದಿ, ನೊರೆ ಹಚ್ಚಿ, ಒಡೆಯದಂತೆ ರೇಜರ್ ಆಡಿಸಿದರು. ಬಲೂನಿನ ನಂತರ ತಮ್ಮನ ಕೆನ್ನೆ. ಈಗ ಒಬ್ಬೊಬ್ಬರೇ ಹಳೆಯ ಗಿರಾಕಿಗಳು. ನಿಮ್ಮ ಆಸೆ ಏನೆಂದು ಕೇಳಿದರೆ ಥಟ್ಟನೆ ಹೇಳುತ್ತಾರೆ: "ಬೀಗ್ರು ಒಂದ್ಸಲ ಬಂದು ಕೂತ್ರೆ ಸಾಕು."

ನಾನು ಹೊರಡಲು ಎದ್ದಿದ್ದೇನೆ. ಬಾಗಿಲಲ್ಲಿ ವಾರದ ಗಡ್ಡ ಬಿಟ್ಟ ಹಿರಿಯರೊಬ್ಬರು ನಿಂತಿದ್ದಾರೆ. ತಮ್ಮ ಗಡಬಡಿಸಿ ತನ್ನ ಕುರ್ಚಿ ಒರೆಸುತ್ತಾನೆ. ಅವರು ಅತ್ತ ನೋಡದೆ ಅಣ್ಣನ ಕುರ್ಚಿಗೆ ಬಂದು ಕೂರುತ್ತಾರೆ. ಕಿವಿಯ ಕೆಳಗೆ ಬಿಳಿ ಗೆರೆ ಕಂಡು ಯಾರೆಂದು ಹೊಳೆದಾಗ ನಾನು ಹೊರಡುವುದನ್ನು ಬಿಟ್ಟು ಮತ್ತೆ ಕೂರುತ್ತೇನೆ.

ಅಣ್ಣ ನೊರೆ ಹಚ್ಚುತ್ತಾರೆ. ಹೊಸ ಬ್ಲೇಡು ಸಿಕ್ಕಿಸುತ್ತಾರೆ. ಒಂದು ಕೆನ್ನೆ ಮುಗಿದು ರೇಜರ್ ಇನ್ನೊಂದು ಕಿವಿಯ ಹತ್ತಿರ ಬಂದಾಗ ಬೀಗರು ಕೇಳುತ್ತಾರೆ, "ನೋವು ಪೂರ್ತಿ ಹೋಯ್ತಾ?"

ಹೋಯಿತು ಎನ್ನಿ, ಎಂದು ನಾನು ಒಳಗೇ ಕೂಗುತ್ತೇನೆ.

"ಇಲ್ಲ ಬೀಗ್ರೇ. ಇದೆ. ಈಗಲೂ ಇದೆ."

ತಮ್ಮನ ಕೈಯ ಬಟ್ಟೆ ನಿಂತುಬಿಡುತ್ತದೆ. ಬೀಗರು ಕನ್ನಡಿಯಲ್ಲಿ ಅಣ್ಣನ ಮುಖವನ್ನು, ಆಮೇಲೆ ಕೈಯನ್ನು ನೋಡುತ್ತಾರೆ. ಆಮೇಲೆ ಕಣ್ಣು ಮುಚ್ಚಿ ಗದ್ದ ಮೇಲೆತ್ತುತ್ತಾರೆ.

ಅವರು ಕೆನ್ನೆ ಸವರಿಕೊಂಡು ಹೋದ ಮೇಲೆ ನಾನು ಕೇಳುತ್ತೇನೆ, ಆ ಗಳಿಗೆಯಲ್ಲಿ ಒಂದು ಸುಳ್ಳು ಹೇಳಬಹುದಿತ್ತಲ್ಲವೇ ಎಂದು. ಅಣ್ಣ ರೇಜರ್ ತೊಳೆಯುತ್ತ ಹೇಳುತ್ತಾರೆ:

"ನೋವಿಗೆ ಈಗ ನನ್ನ ಕೈ ನಡುಗಲ್ಲ ಸಾರ್. ಸುಳ್ಳು ಹೇಳಿದ್ರೆ ನಡುಗಿಬಿಡೋದು."