ಎಂಜಿನ್ನಿಗೆ ಹಾಕಿದ ಅಕ್ಷತೆ

ಆ ಎಂಜಿನ್ ಹಾಳಾದದ್ದು ನನ್ನಿಂದ. ನನ್ನ ಮೈದುನ ಗುರುಮಲ್ಲನಿಂದಲ್ಲ. ಇಷ್ಟು ಹೇಳಲು ನನಗೆ ಇಷ್ಟು ವರ್ಷ ಹಿಡಿಯಿತು. ಹೇಳಬೇಕಾದಾಗ ಹೇಳಲಿಲ್ಲ — ಬಾಯಿ ಇರಲಿಲ್ಲವೆಂದಲ್ಲ, ನನ್ನ ಬಾಯಿ ಎಂಥದ್ದೆಂದು ನಮ್ಮ ಬೀದಿಗೆಲ್ಲ ಗೊತ್ತು.

ಬನ್ನಿಮಂಟಪಕ್ಕೆ ಹೋಗುವ ರಸ್ತೆಯಲ್ಲಿ ನಮ್ಮ ವರ್ಕ್‌ಶಾಪಿತ್ತು. ಮುಂದೆ ಕಾರುಗಳು, ಹಿಂದೆ ಮನೆ. ಸ್ವಾತಂತ್ರ್ಯ ಬಂದು ಕೆಲವು ವರ್ಷಗಳಾಗಿದ್ದವು. ನಮ್ಮ ಯಜಮಾನರು ಮತ್ತು ಅವರ ತಮ್ಮ ಗುರುಮಲ್ಲ ಸೇರಿ ನಡೆಸುತ್ತಿದ್ದರು. ಬಿಚ್ಚಿದ ಸಾಮಾನುಗಳನ್ನು ಸೀಮೆಎಣ್ಣೆಯಲ್ಲಿ ತೊಳೆಯುವುದು ನನ್ನ ಕೆಲಸ. ಅನ್ನಕ್ಕಿಟ್ಟು ಬಂದು ತೊಳೆಯುತ್ತಿದ್ದೆ, ಮತ್ತೆ ಹೋಗಿ ಸಾರು ಕುದಿಸುತ್ತಿದ್ದೆ. ಗುರುಮಲ್ಲ ಗೇಲಿ ಮಾಡುತ್ತಿದ್ದ: “ಅತ್ಗೆ, ಬೆಂಕಿಪೊಟ್ಟಣ ದೂರ ಇಡಿ, ನಾನು ನಿಮ್ಮ ಸಾರು ತಿಂದಿದ್ದೀನಿ.”

ಆಗ ಊರಿನ ದೊಡ್ಡ ಮನೆತನದ ಸಾಹೇಬರೊಬ್ಬರು ಒಂದು ಕಾರು ತಂದರು. ವಿಲಾಯತಿಯದು. ಎರಡೇ ಸೀಟು, ತಲೆಯ ಮೇಲೆ ಸೂರಿಲ್ಲ, ಉದ್ದನೆಯ ಮೂತಿ. ರೇಸಿಗೆಂದೇ ಮಾಡಿದ ಗಾಡಿಯಂತೆ. ಓಡಿ ಓಡಿ ಅದರ ಮೈಲಿ ಮೀಟರು ಕೊನೆ ಮುಟ್ಟಿ, ಮತ್ತೆ ಸೊನ್ನೆಯಿಂದ ಶುರುಮಾಡಿತ್ತು. ಹಿಂದಿನಿಂದ ನೀಲಿ ಹೊಗೆ, ಹೊಟ್ಟೆತುಂಬ ಎಣ್ಣೆ ಕುಡಿಯುವ ಚಟ.

“ದೀಪಾವಳಿ ಹೊತ್ತಿಗೆ ಇದು ಚಾಮುಂಡಿಬೆಟ್ಟ ಹತ್ತಬೇಕು. ಕೆಲಸ ಚಿಕ್ಕವರ ಕೈಲೇ ಆಗಲಿ” ಎಂದರು ಸಾಹೇಬರು. ನಮ್ಮ ಯಜಮಾನರ ಎದುರಿಗೇ ಎಂದರು.

ಚಿಕ್ಕವರು ಎಂದರೆ ಗುರುಮಲ್ಲ. ಬರುವವರೆಲ್ಲ ಹಾಗೇ ಕೇಳುತ್ತಿದ್ದರು — ಚಿಕ್ಕವರಿಲ್ವಾ, ಚಿಕ್ಕವರು ಎಷ್ಟೊತ್ತಿಗೆ ಬರ್ತಾರೆ. ಯಜಮಾನರು ನಗುತ್ತಿದ್ದರು. ನಾನು ನಗುತ್ತಿರಲಿಲ್ಲ.

ಗುರುಮಲ್ಲ ಎಂಜಿನ್ನನ್ನು ಪೂರ್ತಿ ಬಿಚ್ಚಿದ. ಸವೆದ ಸಿಲಿಂಡರುಗಳನ್ನು ಕೊರೆಸಿದ, ಅದಕ್ಕೆ ತಕ್ಕ ದಪ್ಪನೆಯ ಪಿಸ್ಟನ್ನುಗಳನ್ನು ಮದರಾಸಿನಿಂದ ತರಿಸಿದ, ಬೇರಿಂಗುಗಳಿಗೆ ಬಿಳಿಲೋಹ ಹುಯ್ಯಿಸಿ ತಾನೇ ಕೂತು ಹೆರೆದು ಹೊಂದಿಸಿದ. ಪಿಸ್ಟನ್ನುಗಳು ತಿರುಗಿಸುವ ದಪ್ಪ ಕಬ್ಬಿಣದ ಕ್ರ್ಯಾಂಕು ಇರುತ್ತದಲ್ಲ, ಅದರ ಮೈಯಲ್ಲಿ ಸಣ್ಣ ಸಣ್ಣ ತೂತುಗಳು. ಬೇರಿಂಗಿಗೆ ಎಣ್ಣೆ ಹೋಗುವುದು ಅವುಗಳಲ್ಲೇ. ಒಂದು ಕಟ್ಟಿಕೊಂಡರೂ ಬೇರಿಂಗ್ ಒಣಗಿ ಸುಟ್ಟುಹೋಗುತ್ತದೆ. ಅವನು ಒಂದೊಂದಕ್ಕೂ ತಂತಿ ಹಾಕಿ, ಸೈಕಲ್ ಪಂಪಿನಿಂದ ಊದಿ, ಕ್ರ್ಯಾಂಕನ್ನು ಬಿಳಿ ಪಂಚೆಯ ತುಂಡಿನಲ್ಲಿ ಸುತ್ತಿ ಗಂಟು ಹಾಕಿ ಬೆಂಚಿನ ಮೇಲಿಟ್ಟ.

“ಇದನ್ನ ಯಾರೂ ಮುಟ್ಟಬಾರ್ದು ಅತ್ಗೆ. ಅಣ್ಣಂಗೂ ಹೇಳಿದ್ದೀನಿ.”

ಮಾರನೆಯ ದಿನ ಆಯುಧಪೂಜೆ. ಗಂಡಸರು ಬೂದುಗುಂಬಳ ತರಲು ಮಾರುಕಟ್ಟೆಗೆ ಹೋಗಿದ್ದರು. ನಾನು ಸ್ಪ್ಯಾನರು, ಸುತ್ತಿಗೆ, ಜಾಕು ಎಲ್ಲವನ್ನೂ ತೊಳೆದು ಸಾಲಾಗಿಟ್ಟು ವಿಭೂತಿ, ಕುಂಕುಮ ಹಚ್ಚಿದೆ. ಉಳಿದದ್ದು ಆ ಗಂಟು. ಅಂಗಡಿಯ ಮುಖ್ಯ ವಸ್ತುವೇ ಹೆಣದ ಹಾಗೆ ಬಿಳಿಬಟ್ಟೆ ಸುತ್ತಿಕೊಂಡು ಮಲಗಿದೆ, ಅದೂ ಪೂಜೆಯ ದಿನ — ನನಗೆ ಸರಿಬರಲಿಲ್ಲ. ಬಿಚ್ಚಿದೆ. ವಿಭೂತಿ ಎಳೆದು, ಕುಂಕುಮವಿಟ್ಟು, ಅಕ್ಷತೆ ಹಾಕಿ ಕೈಮುಗಿದೆ. ಆಮೇಲೆ ಕೈಯಲ್ಲೇ ಗುಡಿಸಿ, ಸೆರಗಿನಿಂದ ಒರೆಸಿ, ಮೊದಲಿದ್ದ ಹಾಗೆ ಸುತ್ತಿ ಗಂಟು ಹಾಕಿದೆ. ಮೊದಲಿದ್ದ ಹಾಗೆ ಎಂದುಕೊಂಡೆ.

ಪೂಜೆ ಮಾಡಿದ್ದು ತಪ್ಪೆಂದು ನಾನು ಈಗಲೂ ಹೇಳುವುದಿಲ್ಲ. ತಪ್ಪು ಶುರುವಾದದ್ದು ಹಬ್ಬ ಮುಗಿದ ಮೇಲೆ. ಕೆಲಸಕ್ಕೆ ಕೂತ ಗುರುಮಲ್ಲ ಗಂಟನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದ.

“ಅತ್ಗೆ, ಇದನ್ನ ಯಾರಾದ್ರೂ ಬಿಚ್ಚಿದ್ರಾ?”

“ಇಲ್ಲ ಕಣಪ್ಪ. ಯಾರು ಬಿಚ್ತಾರೆ? ನಂಗೇನು ಬೇರೆ ಕೆಲಸ ಇಲ್ವಾ?”

“ಗಂಟು ಬೇರೆ ಥರ ಕಾಣ್ತು, ಅದಕ್ಕೇ ಕೇಳ್ದೆ. ಬುಡಿ.”

ಬಿಚ್ಚಿದ್ದೆ ಎಂದಿದ್ದರೆ ಒಂದು ಮಾತು ಗೊಣಗಿ ಮತ್ತೊಮ್ಮೆ ತೊಳೆಯುತ್ತಿದ್ದ. ಅಷ್ಟೇ. ಅವನ ಆ ಒಂದು ಗೊಣಗಾಟ ಕೇಳಲು ನನಗೆ ಇಷ್ಟವಿರಲಿಲ್ಲ. ಅಷ್ಟಕ್ಕೇ ಸುಳ್ಳು ಹೇಳಿದೆ. ಅವನು ನಂಬಿದ.

ಎಂಜಿನ್ ಕೂಡಿಸಿ ಚಾಲೂ ಮಾಡಿದ ದಿನ ಬೀದಿಯವರೆಲ್ಲ ಬಂದು ನಿಂತರು. ನೀಲಿ ಹೊಗೆ ಇರಲಿಲ್ಲ. ಆಮೇಲೆ ಎಷ್ಟೋ ದಿನ ಗುರುಮಲ್ಲ ಅದನ್ನು ಶ್ರುತಿ ಮಾಡುವುದರಲ್ಲೇ ಕಳೆದ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಗೆ ಇಟ್ಟುಕೊಳ್ಳುವುದು. ಕಾರ್ಬ್ಯುರೇಟರಿನ ತಿರುಪನ್ನು ಕೂದಲೆಳೆಯಷ್ಟು ತಿರುಗಿಸುವುದು. ಮತ್ತೆ ಕಿವಿ ಇಡುವುದು. ನನಗೆ ಆಗಲೇ ಅನುಮಾನ ಶುರುವಾಗಿತ್ತು. ಅಕ್ಷತೆ ಹಾಕಿದ್ದೆನಲ್ಲ, ಗುಡಿಸಿದಾಗ ಎಲ್ಲ ಬಂತೋ — ನೋಡಿದವರು ಯಾರು?

ಒಂದು ಮಧ್ಯಾಹ್ನ ಅವನು ಸ್ಕ್ರೂಡ್ರೈವರನ್ನು ಕಿವಿಯಿಂದ ತೆಗೆಯದೆ ಕೂಗಿದ: “ಅಣ್ಣ, ಮೂರನೇ ಸಿಲಿಂಡರಿನ ಕೆಳಗೆ ಏನೋ ಸಣ್ಣ ಸದ್ದು. ಒಂದ್ಸಲ ಬಿಚ್ಚಿ ನೋಡ್ಬುಡಲಾ?”

“ಹೊಸದು ಕಣೋ, ಓಡ್ತಾ ಓಡ್ತಾ ಕೂತ್ಕೊಳ್ತದೆ. ಸಾಹೇಬ್ರು ನಾಳೆ ಬರ್ತಾರೆ” ಎಂದರು ಯಜಮಾನರು.

ನಾನು ಬಾಗಿಲಲ್ಲೇ ಇದ್ದೆ. ‘ಬಿಚ್ಚಿ ನೋಡಲಿ ಬಿಡಿ’ ಎನ್ನಬಹುದಿತ್ತು, ಕಾರಣ ಹೇಳದೆಯೂ. ಒಳಗೆ ಹೋಗಿ ಅಕ್ಕಿ ಆರಿಸುತ್ತಾ ಕೂತೆ.

ಮರುದಿನ ಸಾಹೇಬರು ತಾವೇ ಓಡಿಸಿಕೊಂಡು ಬೆಟ್ಟಕ್ಕೆ ಹೊರಟರು. ಪಕ್ಕದಲ್ಲಿ ಗುರುಮಲ್ಲ, ತಲೆಗೆ ಟವೆಲು ಸುತ್ತಿಕೊಂಡು ಮದುವಣಿಗನ ಹಾಗೆ. ನಾನು ಜಗಲಿ ಬಿಟ್ಟು ಏಳಲಿಲ್ಲ. ರಸ್ತೆಯಲ್ಲಿ ಯಾವ ಗಾಡಿ ಸದ್ದಾದರೂ ಕತ್ತೆತ್ತಿ ನೋಡುತ್ತಿದ್ದೆ. ಬಿಸಿಲು ಇಳಿಯುವ ಹೊತ್ತಿಗೆ ಕಾರು ಬಂತು. ಸೌದೆ ಗಾಡಿಯ ಜೋಡಿ ಎತ್ತುಗಳು ಎಳೆದುಕೊಂಡು ಬರುತ್ತಿದ್ದವು. ಸಾಹೇಬರಿರಲಿಲ್ಲ. ಗುರುಮಲ್ಲ ಪಕ್ಕದಲ್ಲಿ ನಡೆಯುತ್ತಾ ಸ್ಟೀರಿಂಗು ಹಿಡಿದಿದ್ದ. ಬೀದಿಯ ಒಬ್ಬರೂ ನಗಲಿಲ್ಲ — ನಕ್ಕಿದ್ದರೆ ವಾಸಿಯಿತ್ತು. ಬೇರಿಂಗ್ ಸುಟ್ಟು, ಪಿಸ್ಟನ್ನಿನ ತೋಳು ಮುರಿದು, ಎಂಜಿನ್ನಿನ ಪಕ್ಕೆಯನ್ನೇ ಒಡೆದುಕೊಂಡು ಹೊರಗೆ ಬಂದಿತ್ತು. ಇನ್ನು ರಿಪೇರಿ ಇಲ್ಲ.

ಬಿಚ್ಚಿದರು. ಕ್ರ್ಯಾಂಕು ತೊಳೆಯಲು ನನ್ನ ಹತ್ತಿರವೇ ಬಂತು. ಮೂರನೆಯ ತೂತಿಗೆ ತಂತಿ ತೂರಿಸಿದೆ. ಕರ್ರಗಿನ ಒಂದು ಕಾಳು ಅಂಗೈಗೆ ಬಿತ್ತು. ಉಗುರಿನಿಂದ ಒತ್ತಿದೆ. ಒಳಗೆ ಬಿಳಿ.

ಅತ್ತ ಯಜಮಾನರು ಕೂಗಾಡುತ್ತಿದ್ದರು. “ತೊಳೆದಿದ್ಯೇನೋ? ನಿಜ ಬೊಗಳು!”

“ತೊಳೆದಿದ್ದೆ ಅಣ್ಣ. ಊದಿ ನೋಡಿ ಕಟ್ಟಿಟ್ಟಿದ್ದೆ.”

“ಹಂಗಾದ್ರೆ ಎಣ್ಣೆ ಯಾಕೋ ಹೋಗ್ಲಿಲ್ಲ?”

ಗುರುಮಲ್ಲ ನನ್ನ ಕಡೆ ತಿರುಗಿದ. “ಅತ್ಗೆ, ನೀವೇ ಹೇಳಿ. ಆ ಗಂಟು ಯಾರೂ ಬಿಚ್ಚಿರಲಿಲ್ಲ ಅಲ್ವಾ?”

ಅವನು ನನ್ನನ್ನು ತನ್ನ ಕಡೆಯ ಸಾಕ್ಷಿ ಎಂದು ತಿಳಿದು ಕೇಳಿದ. ಕಾಳು ನನ್ನ ಮುಷ್ಟಿಯಲ್ಲಿತ್ತು.

“ಯಾರೂ ಬಿಚ್ಚಿರಲಿಲ್ಲ” ಎಂದೆ.

ಅವನು ತನ್ನ ಕೈಗಳನ್ನು ನೋಡಿಕೊಂಡ. “ಹಂಗಾದ್ರೆ ನಂದೇ ತಪ್ಪು ಬುಡಣ್ಣ” ಎಂದ.

ಸೀಮೆಎಣ್ಣೆಯ ಡಬ್ಬವನ್ನು ಕಾಳಿನ ಸಮೇತ ಚರಂಡಿಗೆ ಸುರಿದೆ.

ಗಂಡನಿಗೆ ಹೆದರಿ ಹಾಗೆ ಮಾಡಿದೆ ಎಂದು ಬಹಳ ಕಾಲ ನನಗೆ ನಾನೇ ಹೇಳಿಕೊಂಡೆ. ಸುಳ್ಳು. ಅವರು ಬೈದರೆ ನಾನೂ ಬೈಯುತ್ತಿದ್ದವಳು. ಆ ಗಳಿಗೆಯಲ್ಲಿ ನನ್ನ ತಲೆಯಲ್ಲಿ ಬಂದದ್ದು ಬೇರೆ — ಇನ್ನು ಮೇಲೆ ಯಾರೂ ಚಿಕ್ಕವರನ್ನು ಕೇಳಿಕೊಂಡು ಬರುವುದಿಲ್ಲ, ಅಂಗಡಿ ನನ್ನ ಮಕ್ಕಳಿಗೇ ಉಳಿಯುತ್ತದೆ. ಹಾಗೆ ಯೋಚಿಸಿದವಳು ನಾನೇ. ಹಾಗೆಯೇ ಆಯಿತು.

ಗುರುಮಲ್ಲ ತನ್ನ ಪಾಲು ಕೇಳದೆ ಹೋದ. ಮುಂದೆ ಹೂಟಗಳ್ಳಿಯಲ್ಲಿ ಕಾರ್ಖಾನೆಗಳು ಬಂದಾಗ ಒಂದರ ಗೇಟು ಕಾಯುವ ಕೆಲಸ ಹಿಡಿದ. ಮತ್ತೆ ಎಂಜಿನ್ ಮುಟ್ಟಲಿಲ್ಲ. ಅಣ್ಣ-ತಮ್ಮ ಮದುವೆ, ತಿಥಿಗಳಲ್ಲಿ ಎದುರಾದರೆ ಊಟ ಆಯ್ತಾ ಎನ್ನುವಷ್ಟೇ. ನಮ್ಮ ಯಜಮಾನರು ಹಾಗೆಯೇ ತೀರಿಕೊಂಡರು, ತಮ್ಮನನ್ನು ಹೊಣೆಗೇಡಿಯೆಂದೇ ತಿಳಿದು.

ಹೋದ ತಿಂಗಳು ಒಂದು ನಾಮಕರಣದಲ್ಲಿ ಗುರುಮಲ್ಲನ ಹೆಂಡತಿ ನಗುತ್ತಾ ಹೇಳಿದಳು: “ಇವರ ಕಾಟ ಕೇಳಿ ಅಕ್ಕ. ಬೀಗ ಹಾಕಿದ್ಮೇಲೆ ಎಳೆದೆಳೆದು ನೋಡ್ತಾರೆ, ಅರ್ಧ ದಾರಿಯಿಂದ ವಾಪಸ್ ಹೋಗಿ ಮತ್ತೆ ನೋಡ್ತಾರೆ. ಒಲೆ ಆರಿಸಿದ್ರೂ ನಂಬಲ್ಲ. ‘ನನ್ನ ಕೈ ಸರಿಯಿಲ್ಲ ಕಣೇ’ ಅಂತಾರೆ. ಮೊದಲಿಂದ್ಲೂ ಹಿಂಗೇನಾ?”

ಎಲ್ಲರೂ ನಕ್ಕರು. ನಾನೂ ಹಲ್ಲು ಕಿರಿದೆ. ಮೊದಲಿಂದ ಹಾಗಿರಲಿಲ್ಲ. ಹಾಗೆ ಮಾಡಿದವಳು ಅವಳ ಪಕ್ಕದಲ್ಲೇ ಕೂತಿದ್ದಳು. ಅಂಗಡಿ, ಹೆಸರು, ಅಣ್ಣ — ಇಷ್ಟೇ ಹೋಯಿತೆಂದುಕೊಂಡಿದ್ದೆ. ಅವನಿಗೆ ತನ್ನ ಕೈ ಮೇಲಿದ್ದ ನಂಬಿಕೆಯನ್ನೂ ಕಿತ್ತುಕೊಂಡಿದ್ದೆ.

ನನ್ನ ಮಕ್ಕಳಿಗೆ ಹೇಳಿದೆ. “ಈಗ್ಯಾಕಮ್ಮ ಅದೆಲ್ಲ? ಸುಮ್ನಿರು” ಎಂದರು. ಅವನ ಹತ್ತಿರ ಕರೆದುಕೊಂಡು ಹೋಗುವುದಿಲ್ಲ ಎಂದರು. ಬೇಡ. ಗುರುಮಲ್ಲ ಈಗ ಸಿದ್ಧಾರ್ಥನಗರದಲ್ಲಿ ಮಗಳ ಮನೆಯಲ್ಲಿದ್ದಾನೆ, ಬಸ್ಸು ಹೋಗುತ್ತದೆ. ನಾಮಕರಣವಾದ ಮೇಲೆ ಒಮ್ಮೆ ಹೋಗಿಯೂ ಇದ್ದೆ. “ಬನ್ನಿ ಅತ್ಗೆ” ಎಂದ, ಕೂತೆ, ಅವನ ಹೆಂಡತಿ ಕಾಫಿ ಕೊಟ್ಟಳು, ಕುಡಿದೆ, ಮಂಡಿನೋವಿನ ಮಾತಾಡಿ ಎದ್ದು ಬಂದೆ.

ನಾಳೆ ಮತ್ತೆ ಹೋಗುತ್ತೇನೆ, ಒಳಗೆ ಮಾತ್ರ ಹೋಗುವುದಿಲ್ಲ. ಚಪ್ಪಲಿ ಬಿಡುವುದಿಲ್ಲ. ಹೆಂಡತಿ, ಮಗಳು ಎಲ್ಲರೂ ಹೊರಗೆ ಬರುವವರೆಗೆ ಬಾಗಿಲಲ್ಲೇ ನಿಂತು, ನಿಂತುಕೊಂಡೇ ಹೇಳುತ್ತೇನೆ. ಆಮೇಲೆ ಕೂರು ಎನ್ನುವುದೋ ನಡೆ ಎನ್ನುವುದೋ, ಅವನಿಗೆ ಬಿಟ್ಟದ್ದು.