ಚನ್ನಕ್ಕ ಅಗಿದು ಕೊಟ್ಟ ತುತ್ತು

ಪಟ್ಟಂದೂರು ಅಗ್ರಹಾರದ ಶೀಟಿನ ಮನೆಗಳ ಸಾಲಿನಲ್ಲಿ ಚನ್ನಕ್ಕನ ಮಡಿಲು ಕಾಣದ ಕೂಸಿರಲಿಲ್ಲ. ಮಗ ಹನುಮೇಶ, ಸೊಸೆ ಸವಿತಾ ಕಟ್ಟಡದ ಕೆಲಸಕ್ಕೆ ಹೋದರೆ, ಮೊಮ್ಮಗ ಯಮನೂರನ ಜೊತೆಗೆ ಅಕ್ಕಪಕ್ಕದವರ ಮಕ್ಕಳೂ ಇವಳ ಪಾಲಿಗೇ. ದೇವದುರ್ಗದ ಕಡೆಯ ಹೆಂಗಸು. ಬಾಯಿ ಜೋರು, ಕರುಳು ಮೆತ್ತಗೆ.

ಯಮನೂರನಿಗೆ ಇನ್ನೂ ವರ್ಷ ತುಂಬಿರಲಿಲ್ಲ. ಕಿವಿ ಸೋರುವುದು ನಿಂತರೆ ಕೆಮ್ಮು, ಕೆಮ್ಮು ನಿಂತಿತು ಅನ್ನುವಷ್ಟರಲ್ಲಿ ನ್ಯುಮೋನಿಯಾ. ಎರಡನೇ ಸಲ ಆಸ್ಪತ್ರೆಗೆ ಸೇರಿಸಿದಾಗ ಡಾಕ್ಟರ್ ಮೇಘಾ ಅವನ ರಕ್ತವನ್ನು ದೊಡ್ಡ ಲ್ಯಾಬಿಗೆ ಕಳಿಸಿದರು. ಫಲಿತಾಂಶ ಬಂದ ಮೇಲೆ ಅತ್ತೆ ಸೊಸೆಯರನ್ನು ಕೂರಿಸಿಕೊಂಡು ಬಿಡಿಸಿ ಹೇಳಿದರು.

"ರೋಗದ ಕ್ರಿಮಿಗಳ ಮೈಮೇಲೆ ಒಂಥರಾ ಸಕ್ಕರೆ ಇರುತ್ತೆ ಅಜ್ಜಿ. ನಮ್ಮ ರಕ್ತದಲ್ಲಿರೋ ಒಂದು ಪ್ರೋಟೀನ್ ಆ ಸಕ್ಕರೇನ ಗುರುತು ಹಿಡಿದು, ಕ್ರಿಮೀನ ಗಟ್ಟಿಯಾಗಿ ಹಿಡ್ಕೊಳ್ಳುತ್ತೆ. ಆಮೇಲೆ ಬೇರೆ ಕಣಗಳು ಬಂದು ಅದನ್ನ ಮುಗಿಸ್ತವೆ. ಇವನಿಗೆ ಆ ಪ್ರೋಟೀನ್ ಹುಟ್ಟಿನಿಂದ್ಲೇ ತುಂಬಾ ಕಮ್ಮಿ. ಎಷ್ಟೋ ಜನಕ್ಕೆ ಕಮ್ಮಿ ಇದ್ರೂ ಏನೂ ಆಗಲ್ಲ. ಆದ್ರೆ ಈ ವಯಸ್ಸಲ್ಲಿ ಮೈಯ ಬೇರೆ ಶಕ್ತಿ ಇನ್ನೂ ಬಲಿತಿರಲ್ಲ ನೋಡಿ, ಕೆಲವು ಮಕ್ಕಳು ಹಿಂಗೆ ಒದ್ದಾಡ್ತವೆ. ದೊಡ್ಡೋನಾಗ್ತಾ ಸುಧಾರಿಸ್ಕೋಬಹುದು. ಅಲ್ಲಿವರೆಗೂ ಸೋಂಕು ತಗಲದ ಹಾಗೆ ನೋಡ್ಕೊಳ್ಳಿ."

ಚನ್ನಕ್ಕ ಸೊಂಟಕ್ಕೆ ಸೆರಗು ಸಿಕ್ಕಿಸಿ ಕಾವಲಿಗೆ ನಿಂತಳು. ಸಾಲಿನ ಮಕ್ಕಳಿಗೆಲ್ಲ ಬಾಗಿಲು ಮುಚ್ಚಿತು. ಸೀನುತ್ತ ಬಂದ ಪಕ್ಕದ ಮನೆಯ ದೀಪುವನ್ನು ಹೊಸ್ತಿಲಲ್ಲೇ ಗದರಿಸಿ ಓಡಿಸಿ, ಒಳಗೆ ಬಂದು ಅತ್ತಳು. ನೀರು ಕುದಿಸಿದ್ದೇ ಕುದಿಸಿದ್ದು, ಬಟ್ಟೆ ಬಿಸಿಲಿಗೆ ಹಾಕಿದ್ದೇ ಹಾಕಿದ್ದು. ಆದರೂ ಮಗು ಉಸಿರಿಗೆ ಒದ್ದಾಡುತ್ತ ಮತ್ತೆ ಐಸಿಯು ಸೇರಿತು. ಈ ಸಲ ಉಳಿಯುವುದೇ ಅನುಮಾನ ಅಂದರು.

"ಅಜ್ಜಿ, ಊಟ ಹೆಂಗೆ ಮಾಡಿಸ್ತೀರಾ?" ಡಾಕ್ಟರ್ ಕೇಳಿದರು.

ಚನ್ನಕ್ಕ ಹೆಮ್ಮೆಯಿಂದಲೇ ಹೇಳಿದಳು: "ರೊಟ್ಟಿ ನನ್ನ ಬಾಯಾಗ ಮೆತ್ತಗ ಅಗದು, ಅವನ ಬಾಯಾಗ ಇಡ್ತೀನ್ರೀ ಮೇಡಂ. ಒಂದು ಗಟ್ಟಿ ಚೂರೂ ಇರಂಗಿಲ್ಲ."

ಡಾಕ್ಟರ್ ರೇಗಲಿಲ್ಲ. "ನಮ್ಮ ಬಾಯಲ್ಲಿರೋ ಕ್ರಿಮಿ ನಮಗೇನೂ ಮಾಡದೇ ಇರಬಹುದು. ಇವನಿಗೆ ಅದೇ ಜಾಸ್ತಿ ಆಗುತ್ತೆ. ಇದರಿಂದ್ಲೇ ಬಂತು ಅಂತ ಹೇಳಕ್ಕಾಗಲ್ಲ ಅಜ್ಜಿ. ಆದ್ರೆ ಇನ್ಮೇಲೆ ಬೇಡ."

ಹಲ್ಲು ಬರದ ಕೂಸಿಗೆ ಅವಳೂರಿನ ಅಜ್ಜಿಯರು ಉಣಿಸುತ್ತಿದ್ದುದೇ ಹಾಗೆ. ಊರವರ ಕೆಮ್ಮನ್ನೆಲ್ಲ ಹೊರಗೆ ನಿಲ್ಲಿಸಿದವಳಿಗೆ ತನ್ನ ಬಾಯಿಯ ಬಗ್ಗೆ ಅನುಮಾನವೇ ಬಂದಿರಲಿಲ್ಲ. ಅವಳು ಹಡೆದ ಆರರಲ್ಲಿ ಎರಡು ಇದೇ ವಯಸ್ಸಿಗೆ, ಇಂಥದೇ ಕೆಮ್ಮಿಗೆ ಹೋಗಿದ್ದವು. ಅವಕ್ಕೂ ಅಗಿದೇ ಉಣಿಸಿದ್ದಳು.

"ನನ್ನ ಎರಡು ಕೂಸೂ ಹಿಂಗ ಕೆಮ್ಮಿ ಹೋದವ್ರೀ ಮೇಡಂ. ಅವಕ್ಕೂ ಆ ಪ್ರೋಟೀನ್ ಕಮ್ಮಿ ಇತ್ತೇನ್ರೀ?"

"ಈಗ ಹೆಂಗೆ ಹೇಳೋದು ಅಜ್ಜಿ" ಅಂದರು ಡಾಕ್ಟರ್.

ಯಮನೂರ ಉಳಿದುಕೊಂಡ. ಮನೆಗೆ ಬಂದ ಮೇಲೆ ಚನ್ನಕ್ಕ ಅವನನ್ನು ಮುಟ್ಟಲಿಲ್ಲ, ಗೋಡೆಗೆ ಮುಖ ಮಾಡಿ ಕೂತುಬಿಟ್ಟಳು. ಸವಿತಾ ಗಂಜಿಯ ಬಟ್ಟಲು ಹಿಡಿದು ಎಷ್ಟು ಪುಸಲಾಯಿಸಿದರೂ ಮಗು ಬಾಯಿ ಬಿಡಲೊಲ್ಲದು. ಕೊನೆಗೆ ಅವನನ್ನು ಎತ್ತಿ ತಂದು ಅತ್ತೆಯ ಮಡಿಲಲ್ಲಿ ಕೂರಿಸಿ, ಚಮಚ ಕೈಗಿಟ್ಟಳು.

"ಬ್ಯಾಡವ್ವ ಸವಿತಾ. ನನ್ನ ಕೈ ಚಲೋದಲ್ಲ."

"ನನ್ನ ಗಂಡನ್ನ ಬದುಕಿಸಿದ್ದೂ ಇದ ಕೈ ಅಲ್ಲೇನ್ರೀ ಅತ್ತಿ? ಉಣಸ್ರಿ."

ಚನ್ನಕ್ಕ ಸೆರಗಿನಿಂದ ಬಾಯಿ ಮುಚ್ಚಿ ಕಟ್ಟಿಕೊಂಡಳು. ಮೊಮ್ಮಗನಿಗೆ ಉಣಿಸುತ್ತ ಉಣಿಸುತ್ತ, ಹೋದ ಎರಡು ಕೂಸುಗಳಿಗಾಗಿ ಅಷ್ಟು ವರ್ಷಗಳ ಮೇಲೆ ಗೊಳೋ ಎಂದು ಅತ್ತಳು.