ಕೆರೆಯಾಚೆಗೆ ತಿರುಗಿಸಿದ ಡಿಶ್

ಅವರ ಬಲಗೈ ಹೆಬ್ಬೆರಳಿನ ಉಗುರು ನಡುವೆ ಸೀಳಿತ್ತು. ವೈರಿನ ತುದಿಯನ್ನು ಆ ಸೀಳಿಗೆ ಸಿಕ್ಕಿಸಿ ಒಂದೇ ಸಲ ಎಳೆದರೆ ಮೇಲಿನ ಸಿಪ್ಪೆ ಕಳಚಿ ಬರುತ್ತಿತ್ತು; ಒಳಗಿನ ತಾಮ್ರದ ಒಂದು ಎಳೆಯೂ ತುಂಡಾಗುತ್ತಿರಲಿಲ್ಲ.

ಶಿರಾದಲ್ಲಿ ಡಿಶ್ ರಿಪೇರಿ ಅಂಗಡಿ ಇಟ್ಟಿದ್ದ ಅವರನ್ನು ಗೌಡಗೆರೆ ಸುತ್ತಿನ ಹಳ್ಳಿಗಳಲ್ಲಿ ಎಲ್ಲರೂ ಚಾಚಾ ಎನ್ನುತ್ತಿದ್ದರು. ವಾರಕ್ಕೊಮ್ಮೆ ಮೊಪೆಡ್ಡಿನಲ್ಲಿ ಬರುವರು. ಅವರು ತೀರಿಕೊಂಡು ಎಂಟು ತಿಂಗಳಾಯಿತು. ಈಗಲೂ ನೆನಪಾದರೆ ನನಗೆ ಮೊದಲು ಬರುವುದು ಸಿಟ್ಟು. ಅದು ಯಾರ ಮೇಲಿನ ಸಿಟ್ಟು ಎಂಬುದನ್ನು ಸರಿಯಾಗಿ ಬರೆದಿಡಬೇಕು.

ಅವರಿಗೊಂದು ಅಭ್ಯಾಸವಿತ್ತು. ಒಬ್ಬರ ಮನೆಯ ವೈರು ಇನ್ನೊಬ್ಬರ ಸೂರಿನ ಮೇಲೆ ಹಾಯುವುದಿದ್ದರೆ ಮೊದಲು ಆ ಮನೆಯವರಿಗೆ ಹೇಳುವರು. ಮನೆಯಲ್ಲಿ ಯಾರೂ ಇಲ್ಲದಿದ್ದರೆ ಹೊಲದವರೆಗೂ ಹುಡುಕಿಕೊಂಡು ಹೋಗುವರು. "ಒಂದ್ ಮಾತು ಹೇಳ್ಬುಟ್ರೆ ನಮ್ ಗಂಟೇನ್ ಹೋಯ್ತದೆ?" ಎನ್ನುವರು.

ನಮ್ಮ ಬೀದಿ ಕೆರೆಯ ಈಚೆಗಿದೆ. ಊರಿನವರು ಅದನ್ನು ಕಾಲೋನಿ ಎನ್ನುತ್ತಾರೆ. ಗುಡ್ಡದ ಮರೆಯಲ್ಲಿರುವುದರಿಂದ ಮೊಬೈಲ್ ಸಿಗ್ನಲ್ ನಿಲ್ಲುವುದಿಲ್ಲ. ಕೆರೆಯ ಆಚೆ, ಊರೊಳಗಿನ ಪಂಚಾಯ್ತಿ ಗ್ರಂಥಾಲಯದಲ್ಲಿ ವೈಫೈ ಇದೆ. 'ಸಾರ್ವಜನಿಕರಿಗೆ ಉಚಿತ' ಎಂದು ಬಾಗಿಲ ಮೇಲೆ ಬೋರ್ಡೂ ಇದೆ. ಎಂ.ಎಸ್ಸಿ. ಮುಗಿಸಿ ಬಂದ ಮೇಲೆ ಎರಡು ವರ್ಷ ನಾನು ಆ ವೈಫೈ ಬಳಸಿದ್ದು ಹೊರಗಿನ ಮೆಟ್ಟಿಲ ಮೇಲೆ ಕೂತು. ಮೊದಲ ದಿನ ಗ್ರಂಥಪಾಲಕರು ಪಾಸ್‌ವರ್ಡ್ ಹೇಳಿ, "ಗಾಳಿ ಚೆನ್ನಾಗೈತೆ, ಹೊರಗೇ ಕೂತ್ಕಮ್ಮ" ಎಂದಿದ್ದರು. ಒಳಗೆ ಕುರ್ಚಿಗಳು ಖಾಲಿ ಇದ್ದವು. ಊರಿನ ಹುಡುಗರು ಒಳಗೇ ಕೂರುತ್ತಿದ್ದರು. ನಾನು ಏನೂ ಕೇಳಲಿಲ್ಲ.

ಪಿಎಚ್‌.ಡಿ. ಸೀಟಿಗೆ ಆನ್‌ಲೈನ್ ಸಂದರ್ಶನ ಶುಕ್ರವಾರ ಹನ್ನೊಂದಕ್ಕೆ ಎಂದು ನಿಗದಿಯಾಯಿತು. ಮೆಟ್ಟಿಲ ಎದುರಿಗೇ ಬಸ್ಸು ನಿಲ್ಲುತ್ತದೆ, ಪಕ್ಕದಲ್ಲಿ ಹಿಟ್ಟಿನ ಗಿರಣಿ. ಅಲ್ಲಿ ಕೂತರೆ ಯಾರ ಪ್ರಶ್ನೆಯೂ ಕೇಳಿಸದು. ಶಿರಾದ ಸೈಬರ್ ಅಂಗಡಿಯಲ್ಲೂ ಅಷ್ಟೇ ಗದ್ದಲ. ಲಾಡ್ಜಿನಲ್ಲಿ ರೂಮು ಹಿಡಿಯುವಷ್ಟು ನಮ್ಮಲ್ಲಿರಲಿಲ್ಲ.

ಅಮ್ಮ ಚಾಚಾಗೆ ಹೇಳಿದಳು. ಬುಧವಾರ ಅವರು ಗುಜರಿಯ ಡಿಶ್ಶೊಂದನ್ನು ಮೊಪೆಡ್ಡಿಗೆ ಕಟ್ಟಿಕೊಂಡು ಬಂದರು. ಹೊಸದಾಗಿ ಕೊಂಡದ್ದು ವೈಫೈ ಹಿಡಿಯುವ, ಬೆರಳುದ್ದದ ಒಂದು ಯುಎಸ್‌ಬಿ ಕಡ್ಡಿ ಮಾತ್ರ. ನಮ್ಮ ಸೂರು ಹತ್ತಿ, ಡಿಶ್ಶಿನ ಮುಂದಿನ ಡಬ್ಬಿ ಬಿಚ್ಚಿ, ಆ ಜಾಗಕ್ಕೆ ಕಡ್ಡಿಯನ್ನು ಕಟ್ಟಿ, ಉದ್ದನೆಯ ವೈರನ್ನು ಕಿಟಕಿಯಿಂದ ನನ್ನ ಲ್ಯಾಪ್‌ಟಾಪಿಗೆ ಇಳಿಸಿದರು. ಆಮೇಲೆ ಡಿಶ್ಶಿನ ಮುಖವನ್ನು ಆಕಾಶದಿಂದ ಇಳಿಸಿ, ಕೆರೆಯಾಚೆ ಕಾಣುವ ಗ್ರಂಥಾಲಯದ ಕಿಟಕಿಗೆ ನೇರ ಹಿಡಿದರು.

"ಬಂತಾ ಬೇಟಿ?"

"ಇಲ್ಲ."

"ಈಗ?"

"ಒಂದು ಗೆರೆ ಬಂತು."

ಅಂಗಳದಿಂದ ಅಮ್ಮ, "ಅಣ್ಣೋ, ಬಿದ್ದುಗಿದ್ದೀಯ. ಶೀಟು ಹಳೇದು" ಎಂದಳು.

"ನಾನು ಬಿದ್ರೂ ಡಿಶ್ ಅಲ್ಲಾಡಕ್ಕಿಲ್ಲ ಕಣಮ್ಮ, ಅಂಗೆ ಕಟ್ಟಿವ್ನಿ."

ಮೂರು ಗೆರೆ ಬಂತು. ನಮ್ಮ ಮನೆಯೊಳಗೆ, ಬುದ್ಧನ ಪಟದ ಕೆಳಗೆ ಕೂತು, ಮೊದಲ ಸಲ ಒಂದು ವಿಡಿಯೋವನ್ನು ನಿಲ್ಲದಂತೆ ಕೊನೆಯವರೆಗೂ ನೋಡಿದೆ.

ಗುರುವಾರ ಮಧ್ಯಾಹ್ನ ಸಂಪರ್ಕ ಕಡಿದುಹೋಯಿತು. ಹಳೆಯ ಪಾಸ್‌ವರ್ಡ್ ಹಾಕಿದರೆ ತಪ್ಪು ಎಂದಿತು. ಅಮ್ಮ ಕೆರೆ ಏರಿಗೆ ಹೋಗಿ ಚಾಚಾಗೆ ಫೋನು ಮಾಡಿದಳು. ಸಂಜೆ ಅವರು ಗ್ರಂಥಾಲಯಕ್ಕೆ ಹೋಗಿಯೇ ನಮ್ಮಲ್ಲಿಗೆ ಬಂದರು. ಕೊಟ್ಟ ಟೀ ಕುಡಿಯಲಿಲ್ಲ.

"ಬ್ಯಾರೆ ಪಾಸ್‌ವರ್ಡ್ ಹಾಕವ್ರೆ."

"ಅವರಿಗೆ ಹೆಂಗೆ ಗೊತ್ತಾಯ್ತು?"

"ನಾನೇ ಹೇಳ್ದೆ, ನಿನ್ನೆ ಹೋಗೋವಾಗ. ನಿಮ್ ನೆಟ್ಟು ಕೆರೆ ದಾಟಿ ಬತ್ತೈತೆ ಸಾರ್, ಫಸ್ಟ್ ಕ್ಲಾಸಾಗೈತೆ ಅಂತ." ಟೀ ಲೋಟವನ್ನು ಪಕ್ಕಕ್ಕೆ ಸರಿಸಿ, "ಖುಷಿ ಪಡ್ತಾರೆ ಅನ್ಕಂಡೆ" ಎಂದರು.

"ಈಗ ಏನಂದ್ರು?"

"ಕಾಲೋನಿಗೆ ಹಂಚಾಕೆ ಇಟ್ಟಿಲ್ಲ ಅಂದ್ರು."

"ಹೇಳಿ ಅಂತ ನಿಮಗೆ ಯಾರು ಹೇಳಿದ್ರು ಚಾಚಾ? ಎಲ್ಲಾ ಹಾಳು ಮಾಡಿಬಿಟ್ರಿ."

ನಾನು ಯಾರೊಂದಿಗೂ ಹಾಗೆ ಮಾತಾಡಿದವಳಲ್ಲ. ಅಮ್ಮ ನನ್ನ ತೋಳು ಹಿಡಿದಳು.

"ತಪ್ಪಾಯ್ತು ಬೇಟಿ. ಆದ್ರೆ ನಿನ್ ಸಾಮಾನು ನೀನು ಯಾಕೆ ಕದ್ದು ತಗಂತೀಯ? ಬೋರ್ಡ್‌ನಾಗೆ ಬರ್ದಿಲ್ವಾ?"

ಹೇಳಬೇಕಾದ ಕಡೆ ಹೇಳಿ ಮಾಡುವ ಮನುಷ್ಯನಿಗೆ, ಎರಡು ವರ್ಷ ಮೆಟ್ಟಿಲ ಮೇಲೆ ಸುಮ್ಮನೆ ಕೂತಿದ್ದ ನಾನು ಬುದ್ಧಿ ಹೇಳಿದ್ದೆ. ಗಾಳಿ ಚೆನ್ನಾಗಿದೆ ಎಂದು ನನ್ನನ್ನು ಹೊರಗೆ ಕೂರಿಸಿದವರ ಮುಂದೆ ಒಂದು ದಿನವೂ ದನಿ ಎತ್ತದವಳು, ನಮಗಾಗಿ ಸೂರು ಹತ್ತಿದವರ ಮೇಲೆ ಎತ್ತಿದ್ದೆ. ನನ್ನ ಸಿಟ್ಟು ಚಾಚಾ ಮೇಲಿನದಲ್ಲ. ಆ ಬೋರ್ಡನ್ನು ಅವರು ನಂಬಿದ್ದರು. ಬರೆಸಿದವರು ನಂಬಿರಲಿಲ್ಲ, ಓದಿದ ನಾನೂ ನಂಬಿರಲಿಲ್ಲ.

ಆಮೇಲೂ ಅವರು ಎಷ್ಟೋ ಸಲ ನಮ್ಮ ಬೀದಿಗೆ ಬಂದರು. ಆ ಸಂಜೆಯ ಮಾತು ಎತ್ತಲಿಲ್ಲ. ನಾನು ಕ್ಷಮೆ ಕೇಳಬಹುದಿತ್ತು, ಕೇಳಲಿಲ್ಲ. ಅವರು ಹೋದ ಸುದ್ದಿ ನನಗೆ ತಲುಪಿದ್ದು ಮಣ್ಣಾದ ಮೇಲೆ. ಆ ಋಣ ಹಾಗೇ ಉಳಿಯಿತು.

ಆ ಶುಕ್ರವಾರ ಬೆಳಿಗ್ಗೆ ನಾನು ಲ್ಯಾಪ್‌ಟಾಪ್ ಹಿಡಿದು ಕೆರೆ ಏರಿಯ ಮೇಲೆ ನಡೆದು ಹೋಗಿ ಗ್ರಂಥಾಲಯದ ಒಳಗೆ ಕಾಲಿಟ್ಟೆ. ಹೊಸ ಪಾಸ್‌ವರ್ಡನ್ನು ಒಳಗಿನ ಗೋಡೆಗೆ ಅಂಟಿಸಿದ್ದರು. ಓದುತ್ತಿದ್ದ ನಾಲ್ವರು ಪತ್ರಿಕೆ ಕೆಳಗಿಳಿಸಿದರು.

"ಹೊರಗೆ ಕೂತ್ಕಮ್ಮ. ಇಲ್ಲಿ ಮಾತಾಡಂಗಿಲ್ಲ" ಎಂದರು ಗ್ರಂಥಪಾಲಕರು.

"ಹನ್ನೊಂದಕ್ಕೆ ಸಂದರ್ಶನ ಇದೆ. ಅರ್ಧ ಗಂಟೆ ಮಾತಾಡ್ತೀನಿ" ಎಂದೆ. ಗಿರಣಿಯ ಕಡೆಯ ಕಿಟಕಿ ಮುಚ್ಚಿ, ಒಂದು ಕುರ್ಚಿ ಎಳೆದುಕೊಂಡು ಕೂತೆ.